ಮೆಟ್ಟಿಲು, ಹೆಜ್ಜೆ ಮತ್ತು ಛಾಯಾಚಿತ್ರ: ಕೊಳ್ಳೇಗಾಲ, ಹನೂರು, ಯಳಂದೂರು ಪರಿಸರವನ್ನು ಅನುಲಕ್ಷಿಸಿ

1

ಕನ್ನಡ ಜಾನಪದ ಅಧ್ಯಯನದಲ್ಲಿ ಛಾಯಾಚಿತ್ರಕ್ಕೆ ದೊರೆತಿರುವ ಸ್ಥಾನ ಬಹುಮಟ್ಟಿಗೆ ಪೂರಕವಾದುದು. ಗ್ರಂಥದ ನಡುವೆಯೋ ಕೊನೆಯಲ್ಲೋ ನುಣುಪು ಹಾಳೆಯ ಮೇಲೆ ಅಚ್ಚಾಗುವ ನಾಲ್ಕಾರು ಚಿತ್ರಗಳು, ಅವುಗಳ ಅಡಿಯಲ್ಲಿ ಒಂದೊಂದು ಸಾಲಿನ ವಿವರಣೆ, ಇಷ್ಟಕ್ಕೆ ಅದರ ಕೆಲಸ ಮುಗಿಯುತ್ತದೆ. ಪಠ್ಯವನ್ನು ಅಕ್ಷರಶಃ ಪರಿಶೀಲಿಸುವ ಸಂಶೋಧಕರು ಅದರ ಪಕ್ಕದಲ್ಲಿರುವ ಚಿತ್ರವನ್ನು ಓದಿಗೆ ಒಳಪಡಿಸಿದ್ದು ವಿರಳ. ಚಿತ್ರವನ್ನು ಯಾರು ತೆಗೆದರು, ಎಲ್ಲಿ ನಿಂತು ತೆಗೆದರು, ಯಾವುದನ್ನು ಬಿಟ್ಟು ತೆಗೆದರು ಎಂಬ ಪ್ರಶ್ನೆಗಳು ಪಠ್ಯ ಸಂಪಾದನೆಯಲ್ಲಿ ಪಾಠಾಂತರದ ಪ್ರಶ್ನೆಗಳಷ್ಟೇ ಮುಖ್ಯವಾದವು ಎಂಬ ಅರಿವು ಇನ್ನೂ ಗಟ್ಟಿಗೊಳ್ಳಬೇಕಾಗಿದೆ.

ಈ ಮಾತಿಗೆ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಪರಿಸರ ಒಳ್ಳೆಯ ನಿದರ್ಶನ. ಮಲೆಯ ಮಾದೇಶ್ವರ, ಮಂಟೇಸ್ವಾಮಿ, ಸಿದ್ದಪ್ಪಾಜಿ, ಬಿಳಿಗಿರಿರಂಗ ಈ ಎಲ್ಲ ಪರಂಪರೆಗಳೂ ಇಲ್ಲಿ ಒಂದಕ್ಕೊಂದು ತಾಗಿಕೊಂಡು ಬೆಳೆದಿವೆ. ಮಾದೇಶ್ವರ ಕಾವ್ಯವನ್ನು ಪಿ.ಕೆ. ರಾಜಶೇಖರ ಅವರು 1973ರಲ್ಲಿ ಪ್ರಕಟಿಸಿದರು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಪಠ್ಯವನ್ನು ಕೆ. ಕೇಶವನ್ ಪ್ರಸಾದ್ ಸಂಪಾದಿಸಿದರು. ಅದರ ಇಂಗ್ಲಿಷ್ ಅನುವಾದವನ್ನು 2001ರಲ್ಲಿ ಸಾಹಿತ್ಯ ಅಕಾದೆಮಿ ಹೊರತಂದಿತು. ಹಾಡಿನ ಪಠ್ಯ ಹೀಗೆ ಗ್ರಂಥಾಲಯವನ್ನು ಸೇರಿದೆ. ಆದರೆ ಆ ಹಾಡನ್ನು ಹೊತ್ತ ಕಾಲುಗಳು ನಡೆದ ದಾರಿ, ಏರಿದ ಮೆಟ್ಟಿಲು, ದಣಿದು ಕುಳಿತ ಕಲ್ಲು ಇವು ಅಷ್ಟೇ ಶ್ರದ್ಧೆಯಿಂದ ದಾಖಲಾಗಿಲ್ಲ. ಮೆಟ್ಟಿಲುಗಳ ಛಾಯಾಚಿತ್ರಗಳಿಗೆ ಕೊರತೆಯಿಲ್ಲ. ಪ್ರವಾಸದ ಕೈಪಿಡಿಗಳಲ್ಲಿ, ಪತ್ರಿಕೆಗಳ ಪುರವಣಿಗಳಲ್ಲಿ, ಮನೆಯ ಆಲ್ಬಮ್ಮುಗಳಲ್ಲಿ, ಈಗ ಪ್ರತಿಯೊಬ್ಬರ ಮೊಬೈಲಿನಲ್ಲಿ ಅವು ತುಂಬಿವೆ. ಇವುಗಳಲ್ಲಿ ಮೆಟ್ಟಿಲು ನೋಡುವ ವಸ್ತುವಾಗಿ ಕಾಣಿಸುತ್ತದೆಯೇ ಹೊರತು ಮೆಟ್ಟುವ ಕ್ರಿಯೆಯಾಗಿ ಕಾಣಿಸುವುದು ಅಪರೂಪ ಎಂಬುದು ಪ್ರಸ್ತುತ ಪ್ರಬಂಧದ ಮುಖ್ಯ ಪ್ರತಿಪಾದನೆ.

2

ಮೊದಲಿಗೆ ಶಬ್ದವನ್ನೇ ಗಮನಿಸಬಹುದು. ‘ಸೋಪಾನ’ ಎಂಬ ಸಂಸ್ಕೃತ ಪದ ಶಾಸನ, ಕಾವ್ಯ ಮತ್ತು ವಾಸ್ತುವಿನ ಭಾಷೆಗೆ ಸೇರಿದುದು. ‘ಪಾವಟಿಗೆ’ ಉತ್ತರ ಕರ್ನಾಟಕದ ಆಡುನುಡಿಯಲ್ಲಿ ಜೀವಂತವಾಗಿದೆ. ಹಳೆಯ ಮೈಸೂರಿನ ಈ ಭಾಗದಲ್ಲಿ ಬಳಕೆಯಲ್ಲಿರುವುದು ‘ಮೆಟ್ಟಿಲು’ ಅಥವಾ ‘ಮೆಟ್ಟಲು’. ಇದರ ಮೂಲದಲ್ಲಿರುವುದು ‘ಮೆಟ್ಟು’ ಎಂಬ ಧಾತು. ತುಳಿ, ಕಾಲಿಡು ಎಂಬುದು ಅದರ ಅರ್ಥ. ಅದೇ ‘ಮೆಟ್ಟು’ ನಾಮಪದವಾದಾಗ ಕಾಲಿಗೆ ಹಾಕುವ ಕೆರವೂ ಆಗುತ್ತದೆ. ಹೀಗೆ ಕನ್ನಡದ ಈ ಪದದಲ್ಲಿ ಕಲ್ಲಿಗಿಂತ ಮೊದಲು ಕಾಲು ಇದೆ. ತುಳಿಯುವವರಿಲ್ಲದೆ ಮೆಟ್ಟಿಲೆಂಬ ಹೆಸರಿಗೆ ಅರ್ಥವಿಲ್ಲ.

ನುಡಿಗಟ್ಟುಗಳೂ ಇದನ್ನೇ ಸಮರ್ಥಿಸುತ್ತವೆ. ವ್ಯಾಜ್ಯಕ್ಕಿಳಿದವನು ನ್ಯಾಯಾಲಯದ ಮೆಟ್ಟಿಲೇರುತ್ತಾನೆ. ಮುನಿಸಿಕೊಂಡ ನೆಂಟರು ಇನ್ನು ನಿಮ್ಮ ಮನೆಯ ಮೆಟ್ಟಿಲು ತುಳಿಯುವುದಿಲ್ಲ ಎನ್ನುತ್ತಾರೆ. ಉಪಕಾರ ಮರೆತವನನ್ನು ಹತ್ತಿದ ಏಣಿಯನ್ನು ಒದ್ದವನು ಎನ್ನಲಾಗುತ್ತದೆ. ಇಲ್ಲೆಲ್ಲ ಮೆಟ್ಟಿಲು ಮತ್ತು ಏಣಿ ಮನುಷ್ಯ ಸಂಬಂಧವನ್ನು ಸೂಚಿಸುತ್ತವೆ. ಯಾರು ಯಾರ ಮನೆಯ ಮೆಟ್ಟಿಲನ್ನು ತುಳಿಯಬಹುದು, ಯಾರು ಎಷ್ಟನೆಯ ಮೆಟ್ಟಿಲಿನಲ್ಲಿ ನಿಲ್ಲಬೇಕು ಎಂಬುದು ಗ್ರಾಮಸಮಾಜದ ಅಲಿಖಿತ ಕಟ್ಟಳೆಗಳಲ್ಲಿ ಒಂದಾಗಿತ್ತು. ಆದ್ದರಿಂದ ಮೆಟ್ಟಿಲಿನ ಚಿತ್ರವನ್ನು ಓದುವಾಗ ಕ್ಯಾಮೆರಾ ಎಲ್ಲಿತ್ತು, ಅಲ್ಲಿ ಯಾರ ಕಾಲಿದೆ, ಕಲ್ಲಿನ ಮೇಲೆ ಯಾವ ಗುರುತು ಉಳಿದಿದೆ ಎಂಬ ಮೂರು ಪ್ರಶ್ನೆಗಳನ್ನು ಕೇಳುವುದು ಅವಶ್ಯಕ.

3

ಛಾಯಾಚಿತ್ರ ಕಲೆಯ ಜಾಗತಿಕ ಚರಿತ್ರೆಯಲ್ಲಿ ಮೆಟ್ಟಿಲು ಬಹುಕಾಲದ ವಸ್ತು. ಇಲ್ಲಿನ ಚರ್ಚೆಗೆ ಎರಡು ಚಿತ್ರಗಳು ಉಪಯುಕ್ತವಾಗುತ್ತವೆ. ಇಂಗ್ಲೆಂಡಿನ ಫ್ರೆಡರಿಕ್ ಎಚ್. ಇವಾನ್ಸ್ 1903ರಲ್ಲಿ ವೆಲ್ಸ್ ಕೆಥೆಡ್ರಲ್ಲಿನ ಮೆಟ್ಟಿಲುಗಳನ್ನು ಚಿತ್ರಿಸಿ ಅದಕ್ಕೆ ‘ಮೆಟ್ಟಿಲುಗಳ ಕಡಲು’ ಎಂಬರ್ಥದ ಹೆಸರಿಟ್ಟನು. ಅದರಲ್ಲಿ ಒಬ್ಬ ಮನುಷ್ಯನೂ ಇಲ್ಲ. ಆದರೆ ಶತಮಾನಗಳ ತುಳಿತದಿಂದ ಸವೆದು ಅಲೆಯಂತೆ ತಗ್ಗಾಗಿರುವ ಕಲ್ಲು ಅಲ್ಲಿ ಹಾದುಹೋದವರಿಗೆಲ್ಲ ಸಾಕ್ಷಿಯಾಗಿದೆ. ರಷ್ಯಾದ ಅಲೆಕ್ಸಾಂಡರ್ ರೋಡ್ಚೆಂಕೊ 1930ರ ಹೊತ್ತಿಗೆ ತೆಗೆದ ಚಿತ್ರದಲ್ಲಿ ಮಗುವನ್ನೆತ್ತಿಕೊಂಡ ಹೆಂಗಸೊಬ್ಬಳು ಮೆಟ್ಟಿಲೇರುತ್ತಿದ್ದಾಳೆ. ಕ್ಯಾಮೆರಾವನ್ನು ವಾಲಿಸಿರುವುದರಿಂದ ಮೆಟ್ಟಿಲುಗಳು ಓರೆಯಾದ ಕಪ್ಪು ಬಿಳುಪಿನ ಪಟ್ಟೆಗಳಾಗಿವೆ. ಅವಳ ನಡಿಗೆ ಆ ಪಟ್ಟೆಗಳನ್ನು ಅಡ್ಡಹಾಯುತ್ತದೆ.

ಮೊದಲನೆಯದು ಸವೆತದ ಚಿತ್ರ, ಎರಡನೆಯದು ನಡಿಗೆಯ ಚಿತ್ರ. ಒಂದರಲ್ಲಿ ಕಾಲ, ಇನ್ನೊಂದರಲ್ಲಿ ಕ್ಷಣ. ಇವೆರಡೂ ಇಲ್ಲದೆ ಕೇವಲ ಗೆರೆಗಳ ಜೋಡಣೆಯಾಗಿ ಬರುವ ಮೂರನೆಯ ಬಗೆಯ ಚಿತ್ರವೇ ಇಂದು ಹೆಚ್ಚು ಪ್ರಚಾರದಲ್ಲಿದೆ. ರೋಡ್ಚೆಂಕೊನಿಂದ ಓರೆಗೆರೆಯನ್ನು ಮಾತ್ರ ಪಡೆದು ಮಗುವನ್ನೆತ್ತಿಕೊಂಡ ಹೆಂಗಸನ್ನು ಬಿಟ್ಟುಬಿಟ್ಟ ಅನುಕರಣೆ ಅದು. ಮಸೂರದ ಆಯ್ಕೆಯೂ ಈ ಪರಿಣಾಮವನ್ನು ಹೆಚ್ಚಿಸುತ್ತದೆ. ಟೆಲಿಫೋಟೋ ಮಸೂರದಿಂದ ದೂರ ನಿಂತು ತೆಗೆದರೆ ಮೆಟ್ಟಿಲುಗಳ ನಡುವಿನ ಅಂತರ ಕುಗ್ಗಿದಂತಾಗಿ ಅವು ನೆಟ್ಟಗೆ ನಿಂತ ಗೋಡೆಯಂತೆ ತೋರುತ್ತವೆ. ನಡು ಹಗಲಿನ ಬಿಸಿಲಿನಲ್ಲಿ ತೆಗೆದರೆ ಕಲ್ಲಿನ ತಗ್ಗುಗಳು ಮಾಯವಾಗುತ್ತವೆ. ಬೆಳಗಿನ ಅಥವಾ ಸಂಜೆಯ ಅಡ್ಡಬೆಳಕಿನಲ್ಲಿ ಮಾತ್ರ ಸವೆತ ಕಣ್ಣಿಗೆ ಗೋಚರಿಸುತ್ತದೆ. ಹೀಗಾಗಿ ಸವೆತವನ್ನು ದಾಖಲಿಸಬೇಕೋ ಬೇಡವೋ ಎಂಬ ನಿರ್ಧಾರ ಚಿತ್ರ ತೆಗೆಯುವ ಹೊತ್ತಿನ ಆಯ್ಕೆಯಲ್ಲಿಯೇ ಅಡಗಿರುತ್ತದೆ.

4

ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ದೇವಸ್ಥಾನಕ್ಕೆ ಏರಲು ಮೆಟ್ಟಿಲುಗಳಿವೆ. ವಾಹನಗಳು ಮೇಲಿನವರೆಗೆ ಹೋಗುವ ರಸ್ತೆಯೂ ಇದೆ. ರಸ್ತೆಯಿಂದ ಬಂದವರಿಗೆ ಮೆಟ್ಟಿಲು ಮೊದಲು ಕಾಣುವುದು ಮೇಲಿನಿಂದ. ಅವರ ಚಿತ್ರಗಳಲ್ಲಿ ಮೆಟ್ಟಿಲು ಕಣಿವೆಯ ಕಡೆಗೆ ಇಳಿದುಹೋಗುವ ರೇಖೆ. ಅದರಾಚೆ ಕಾಡು, ಮಂಜು, ದಿಗಂತ. ನಡೆದು ಬಂದವರಿಗೆ ಕಾಣುವುದು ಕೆಳಗಿನಿಂದ, ಅದೂ ತಲೆಯೆತ್ತಿದಾಗ ಮಾತ್ರ. ಏರುವವನ ಕಣ್ಣು ಬಹುಪಾಲು ಮುಂದಿನ ಎರಡು ಮೂರು ಮೆಟ್ಟಿಲುಗಳ ಮೇಲೆಯೇ ಇರುತ್ತದೆ. ಏರುವವನು ಕಾಣುವ ಈ ಮೆಟ್ಟಿಲು, ಅಂದರೆ ತನ್ನ ಕಾಲಿನ ಮುಂದಿರುವ ಒಂದೇ ಕಲ್ಲು, ಪ್ರಚಲಿತ ಚಿತ್ರಗಳಲ್ಲಿ ಕಾಣುವುದು ತೀರ ಕಡಿಮೆ.

ಈ ಕ್ಷೇತ್ರದ ಪಾದರಕ್ಷೆಯ ಆಚರಣೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಬೂದಿತಿಟ್ಟು ಗ್ರಾಮದ ಚರ್ಮಕುಶಲಿಗಳು ರಂಗನಾಥನಿಗೆ ಬಹುದೊಡ್ಡ ಗಾತ್ರದ ಚರ್ಮದ ಪಾದರಕ್ಷೆಗಳನ್ನು ಮಾಡಿ ಅರ್ಪಿಸುತ್ತಾರೆ. ದೇವರು ಅವನ್ನು ಮೆಟ್ಟಿ ಕಾಡಿನಲ್ಲಿ ಸಂಚರಿಸುತ್ತಾನೆ, ಆದ್ದರಿಂದ ಅವು ಸವೆಯುತ್ತವೆ ಎಂಬುದು ನಂಬಿಕೆ. ಭಕ್ತರ ತಲೆಗೆ ಅವನ್ನು ತಾಗಿಸಿ ಆಶೀರ್ವದಿಸುವ ಪದ್ಧತಿಯೂ ಇದೆ. ಸೋಲಿಗರ ಕಥನಗಳಲ್ಲಿ ರಂಗ ತಮ್ಮ ಹೆಣ್ಣುಮಗಳು ಕುಸುಮಾಲೆಯನ್ನು ವರಿಸಿದವನು, ಹಾಗಾಗಿ ಅವರಿಗೆ ಅವನು ಭಾವ. ಗರ್ಭಗುಡಿಯಲ್ಲಿ ಸ್ಥಿರವಾಗಿ ನಿಂತ ದೇವರಿಗಿಂತ ನಡೆದಾಡುವ ದೇವರು ಈ ನಂಬಿಕೆಗಳ ಕೇಂದ್ರದಲ್ಲಿದ್ದಾನೆ.

ಪಾದರಕ್ಷೆಗಳ ಛಾಯಾಚಿತ್ರಗಳು ಸಾಮಾನ್ಯವಾಗಿ ಅವನ್ನು ಸಮೀಪದಿಂದ, ಸುತ್ತಲಿನ ಎಲ್ಲವನ್ನೂ ಕತ್ತರಿಸಿ, ಒಂದು ಕುತೂಹಲದ ವಸ್ತುವನ್ನಾಗಿ ತೋರಿಸುತ್ತವೆ. ಅವುಗಳ ಗಾತ್ರ ಆ ಚಿತ್ರದಿಂದ ತಿಳಿಯುತ್ತದೆ. ಆದರೆ ಅವು ಯಾವ ಕೇರಿಯಲ್ಲಿ ಹುಟ್ಟಿದವು, ಯಾರ ಕೈಯಲ್ಲಿ ಬೆಟ್ಟಕ್ಕೆ ಬಂದವು, ಊರಿನ ಶ್ರೇಣೀಕರಣದಲ್ಲಿ ಕೆಳಗಿಡಲಾದ ಚರ್ಮವೆಂಬ ವಸ್ತು ಇಲ್ಲಿ ಮೆಟ್ಟಿಲುಗಳನ್ನು ದಾಟಿ ಭಕ್ತನ ತಲೆಯನ್ನು ಮುಟ್ಟುವುದರ ಅರ್ಥವೇನು ಎಂಬುದಾವುದೂ ತಿಳಿಯುವುದಿಲ್ಲ. ದೇವರ ಮೆಟ್ಟು ಮತ್ತು ಭಕ್ತರ ಮೆಟ್ಟಿಲು ಒಂದೇ ಚಿತ್ರದ ಚೌಕಟ್ಟಿನೊಳಗೆ ಬರಬೇಕಾದುದು ಕ್ಷೇತ್ರದ ಸ್ವರೂಪವೇ ಬೇಡುವ ವಿಷಯ.

ಗುರುತಿನ ಪ್ರಶ್ನೆಯನ್ನೂ ಇಲ್ಲಿ ಎತ್ತಬಹುದು. ಮೈಸೂರಿನ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳು ದೊಡ್ಡ ದೇವರಾಜ ಒಡೆಯರ ಕಾಲದವು (1659-1673). ಅಲ್ಲಿ ಹರಕೆ ಹೊತ್ತ ಹೆಂಗಸರು ಪ್ರತಿ ಮೆಟ್ಟಿಲಿಗೂ ಬಾಗಿ ಅರಿಶಿನ ಕುಂಕುಮ ಹಚ್ಚುತ್ತ ಏರುವುದು ಎಲ್ಲರಿಗೂ ಪರಿಚಿತವಾದ ದೃಶ್ಯ. ಕಪ್ಪು ಬಿಳುಪಿನ ಕಾಲದ ಚಿತ್ರಗಳಲ್ಲಿ ಈ ಗುರುತು ಬರಿಯ ಕಲೆಯಂತೆ ಕಾಣುತ್ತದೆ. ಕಲ್ಲಿನ ಮಾಸಲಿಗೂ ಕುಂಕುಮಕ್ಕೂ ಭೇದ ತಿಳಿಯುವುದಿಲ್ಲ. ವರ್ಣಚಿತ್ರ ಬಂದ ಮೇಲೆ ಅದು ಆಕರ್ಷಕ ಬಣ್ಣವಾಯಿತು. ಕಲೆಯಾಗಿರಲಿ, ಬಣ್ಣವಾಗಿರಲಿ, ಹರಕೆಯ ಶ್ರಮ ಎರಡರಲ್ಲಿಯೂ ಹಿಂದೆ ಉಳಿಯಿತು. ಒಂದು ಮೆಟ್ಟಿಲಿಗೆ ಒಮ್ಮೆ ಬಾಗುವ ಬೆನ್ನು ಸಾವಿರ ಬಾರಿ ಬಾಗುತ್ತದೆ ಎಂಬುದನ್ನು ಒಂದೇ ಚಿತ್ರದಿಂದ ಹೇಳಲು ಸಾಧ್ಯವಿಲ್ಲ.

5

ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದ ಸಂದರ್ಭದಲ್ಲಿ ಈ ಸಮಸ್ಯೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಶಿವರಾತ್ರಿಯ ಕಾಲಕ್ಕೆ ಕನಕಪುರದ ಕಡೆಯಿಂದ ಬರುವ ಭಕ್ತರು ಸಂಗಮದಲ್ಲಿ ಕಾವೇರಿಯನ್ನು ದಾಟಿ ಕಾಡುದಾರಿಯಲ್ಲಿ ನಡೆದು ಬೆಟ್ಟವನ್ನು ಸೇರುತ್ತಾರೆ. ಕೊಳ್ಳೇಗಾಲ, ಹನೂರಿನ ಮಾರ್ಗವಾಗಿ ಬರುವವರಿಗೆ ತಾಳಬೆಟ್ಟವೇ ಏರುವಿಕೆಯ ಆರಂಭ. ಬಸ್ಸಿನಲ್ಲಿ ಹೋಗುವವರೂ ಅಲ್ಲಿ ಪೂಜೆ ಸಲ್ಲಿಸಿ ಮುಂದೆ ಸಾಗುವುದು ವಾಡಿಕೆ. ತಾಳಬೆಟ್ಟದಿಂದ ಕಾಲ್ನಡಿಗೆಯಲ್ಲಿ ಹೋಗುವವರ ದಾರಿಯಲ್ಲಿ ಕಟ್ಟಿದ ಮೆಟ್ಟಿಲುಗಳೂ ಇವೆ. ಬರಿಯ ಕಲ್ಲು, ಬೇರು, ಜಾರುಮಣ್ಣಿನ ಏರುಗಳೂ ಇವೆ. ನಡೆಯುವವರಿಗೆ ಬೇರೂ ಒಂದು ಮೆಟ್ಟಿಲೇ.

ಪರಂಪರೆ ಈ ಬೆಟ್ಟವನ್ನು ಒಂಟಿ ಶಿಖರವನ್ನಾಗಿ ಕಾಣುವುದಿಲ್ಲ. ಅದು ಏಳುಮಲೆ, ಎಪ್ಪತ್ತೇಳು ಮಲೆ. ಆನೆಮಲೆ, ಜೇನುಮಲೆ, ಕಾನುಮಲೆ, ಪೊನ್ನಾಚಿಮಲೆ ಮೊದಲಾಗಿ ಹೆಸರುಗಳನ್ನು ಎಣಿಸುವ ಕ್ರಮದಲ್ಲಿಯೇ ಒಂದನ್ನು ಏರಿ ಮತ್ತೊಂದಕ್ಕೆ ದಾಟುವ ನಡಿಗೆಯ ಲಯವಿದೆ. ಕಂಸಾಳೆಯವರ ತಾಳ, ಯಾತ್ರಿಕರ ಉಘೇ ಎಂಬ ಘೋಷ ಇವು ಆ ಲಯವನ್ನು ದೇಹದಲ್ಲಿ ಉಳಿಸುತ್ತವೆ. ದಣಿದ ಕಾಲಿಗೆ ಮುಂದಿನ ಹೆಜ್ಜೆಯನ್ನು ಕೊಡುವುದು ಈ ಕೂಗು. ಸ್ಥಿರಚಿತ್ರಕ್ಕೆ ಧ್ವನಿಯಿಲ್ಲ. ಆದರೆ ಕೂಗುವವರ ತೆರೆದ ಬಾಯಿ, ಹಿಂದಿನವರು ಮುಂದಿನವರ ಹೆಗಲ ಮೇಲಿಟ್ಟ ಕೈ, ಮೊಣಕಾಲನ್ನು ಒತ್ತಿ ಹಿಡಿದ ಮುದುಕಿಯ ಅಂಗೈ ಇವು ಧ್ವನಿಯ ಮತ್ತು ದಣಿವಿನ ಕುರುಹುಗಳಾಗಬಲ್ಲವು.

ದೀಪಾವಳಿಯ ಹಾಲರವೆ ಉತ್ಸವದ ಚಿತ್ರಗಳನ್ನು ಇಲ್ಲಿ ಉದಾಹರಿಸಬಹುದು. ಬೇಡಗಂಪಣ ಸಮುದಾಯದ 101 ಹೆಣ್ಣುಮಕ್ಕಳು ಹಳ್ಳದಿಂದ ಕೊಡಗಳಲ್ಲಿ ನೀರು ಹೊತ್ತು ಕಾಡುದಾರಿಯಲ್ಲಿ ಮೇಲಕ್ಕೆ ಬರುತ್ತಾರೆ. ಪತ್ರಿಕೆಗಳಲ್ಲಿ ಅಚ್ಚಾಗುವ ಚಿತ್ರ ಬಹುತೇಕ ಆ ಸಾಲಿನದೇ. ಉದ್ದನೆಯ ಸಾಲು, ಒಂದೇ ಬಗೆಯ ಉಡುಗೆ, ತಲೆಯ ಮೇಲೆ ಒಂದೇ ಬಗೆಯ ಕೊಡ. ಸಾಲಿನ ಸೊಬಗು ನಿಜವೇ. ಆದರೆ ತುಂಬಿದ ಕೊಡ ಹೊತ್ತ ಹುಡುಗಿ ಏರುದಾರಿಯಲ್ಲಿ ಕೆಳಗೆ ನೋಡಲಾರಳು. ಅವಳು ಕಾಲಿನಿಂದಲೇ ಕಲ್ಲನ್ನು ಹುಡುಕಬೇಕು. ಆ ಬರಿಗಾಲನ್ನು ತೋರಿಸುವ ಚಿತ್ರ ಸಾಲನ್ನು ತೋರಿಸುವ ಚಿತ್ರದ ಪಕ್ಕದಲ್ಲಿ ಇರದಿದ್ದರೆ ಉತ್ಸವದ ದಾಖಲೆ ಅರ್ಧವಾಗುತ್ತದೆ.

ಇದರಿಂದ ಒಂದು ವಿಧಾನಾತ್ಮಕ ಸೂಚನೆ ಹೊರಡುತ್ತದೆ. ಮಲೆಗಳನ್ನು ಹಾಡುಗಾರ ಸರಣಿಯಾಗಿ ಎಣಿಸುವಂತೆ ಮೆಟ್ಟಿಲುಗಳನ್ನೂ ಸರಣಿಯಾಗಿಯೇ ಚಿತ್ರಿಸಬೇಕು. ಆರಂಭದ ಪೂಜೆ, ಮೊದಲ ಏರು, ತಂಗುವ ಕಟ್ಟೆ, ನೀರಿನ ತಾಣ, ಕಡೆಯ ತಿರುವು, ಅಂತರಗಂಗೆಯಲ್ಲಿ ಸ್ನಾನ, ಗುಡಿಯ ಮುಂದಿನ ಉರುಳುಸೇವೆ ಹೀಗೆ ಕ್ರಮವಾಗಿ ತೆಗೆದ ಚಿತ್ರಗಳು ಮಾತ್ರ ಯಾತ್ರೆಯ ವ್ಯಾಕರಣವನ್ನು ಕೊಡಬಲ್ಲವು. ಒಂದು ಸುಂದರ ಚಿತ್ರ ಒಂದು ನುಡಿಯನ್ನು ಕೊಡಬಹುದು, ಕಾವ್ಯವನ್ನಲ್ಲ.

6

ಏರುವ ಮೆಟ್ಟಿಲುಗಳ ಜೊತೆಗೆ ಇಳಿಯುವ ಮೆಟ್ಟಿಲುಗಳೂ ಈ ಪರಿಸರದಲ್ಲಿವೆ. ಕೊಳ್ಳೇಗಾಲ ತಾಲ್ಲೂಕಿನ ಭರಚುಕ್ಕಿಯಲ್ಲಿ ಜಲಪಾತದ ಬುಡದ ಕಡೆಗೆ ಇಳಿಯುವ ಮೆಟ್ಟಿಲುಸಾಲು ಇದೆ. ಪ್ರವಾಸಿಗಳ ಚಿತ್ರಗಳಲ್ಲಿ ಜಲಪಾತ ಹಿನ್ನೆಲೆ, ಪ್ರವಾಸಿ ಮುನ್ನೆಲೆ, ಮೆಟ್ಟಿಲು ನಿಲ್ಲಲು ಒದಗಿದ ವೇದಿಕೆ ಮಾತ್ರ. ಮೊಬೈಲಿನಲ್ಲಿ ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವ ಸೆಲ್ಫಿಯ ಅಭ್ಯಾಸ ಬಂದ ಮೇಲೆ ಇನ್ನೊಂದು ಬದಲಾವಣೆಯಾಗಿದೆ. ಚಿತ್ರ ತೆಗೆಯುವವನು ಈಗ ತಾನು ಏರಬೇಕಾದ ಅಥವಾ ಇಳಿಯಬೇಕಾದ ದಾರಿಗೆ ಬೆನ್ನು ತಿರುಗಿಸಿ ನಿಲ್ಲುತ್ತಾನೆ. ಯಾತ್ರಿಕನ ಮುಖ ದೇವರ ಕಡೆಗಿದ್ದುದು ಈಗ ಕ್ಯಾಮೆರಾದ ಕಡೆಗೆ ತಿರುಗಿದೆ. ಇದನ್ನು ಹಳಿಯುವ ಅಗತ್ಯವಿಲ್ಲ. ಬೆಟ್ಟ ಹತ್ತಿದೆನೆಂಬುದಕ್ಕೆ ಸಾಕ್ಷಿ ಬೇಕೆನ್ನುವ ಹಂಬಲ ಹಳೆಯದೇ. ಆದರೆ ಸಾಕ್ಷಿ ಹೇಳುತ್ತಿರುವುದು ಹತ್ತಿದ್ದಕ್ಕೋ ಅಲ್ಲಿದ್ದುದಕ್ಕೋ ಎಂಬ ಭೇದವನ್ನು ಅಧ್ಯಯನಕಾರ ಮರೆಯಬಾರದು.

ದಿನನಿತ್ಯದ ಮೆಟ್ಟಿಲುಗಳ ಚಿತ್ರಗಳು ಇದಕ್ಕಿಂತ ಭಿನ್ನವಾದ ಕಥೆಯನ್ನು ಹೇಳುತ್ತವೆ. ಹಳೆಯ ಮನೆಗಳ ಜಗಲಿಗೆ ಏರುವ ಎರಡು ಮೂರು ಕಲ್ಲುಗಳೇ ಕುಟುಂಬದ ಛಾಯಾಚಿತ್ರದ ಮೊದಲ ಸ್ಟುಡಿಯೋ. ಮದುವೆಯ ಮರುದಿನ ನೆಂಟರೆಲ್ಲ ಸೇರಿ ತೆಗೆಸಿಕೊಳ್ಳುವ ಚಿತ್ರದಲ್ಲಿ ಹಿರಿಯರು ಕುರ್ಚಿಯಲ್ಲಿ, ಮಕ್ಕಳು ಕೆಳಗಿನ ಮೆಟ್ಟಿಲಿನಲ್ಲಿ, ಸೊಸೆಯಂದಿರು ಹಿಂದಿನ ಸಾಲಿನಲ್ಲಿ ಇರುತ್ತಾರೆ. ಶಾಲೆಯ ಕಡೆಯ ವರ್ಷದ ಗುಂಪುಚಿತ್ರವೂ ಶಾಲೆಯ ಮುಂದಿನ ಮೆಟ್ಟಿಲುಗಳನ್ನೇ ಆಶ್ರಯಿಸುತ್ತದೆ. ಎಲ್ಲ ಮುಖಗಳೂ ಕಾಣಬೇಕೆಂಬ ಸರಳ ಅನುಕೂಲ ಇದಕ್ಕೆ ಕಾರಣವಾದರೂ ಪರಿಣಾಮದಲ್ಲಿ ಅದು ವಯಸ್ಸು, ಲಿಂಗ, ಅಧಿಕಾರಗಳ ಒಂದು ನಕ್ಷೆಯಾಗಿಬಿಡುತ್ತದೆ. ಪಟ್ಟಣದ ಸ್ಟುಡಿಯೋಗಳ ಹಳೆಯ ಪರದೆಗಳಲ್ಲಿ ಅರಮನೆಯ ಮೆಟ್ಟಿಲನ್ನು, ಕಟಾಂಜನವನ್ನು ಬಣ್ಣದಲ್ಲಿ ಬರೆದಿರುತ್ತಿದ್ದರು. ಜಗಲಿಯ ಮೆಟ್ಟಿಲು ಇದ್ದ ಸ್ಥಾನವನ್ನು ತೋರಿಸಿದರೆ ಪರದೆಯ ಮೆಟ್ಟಿಲು ಬಯಸಿದ ಸ್ಥಾನವನ್ನು ತೋರಿಸುತ್ತದೆ. ಮಧ್ಯಪ್ರದೇಶದ ನಾಗ್ದಾ ಪಟ್ಟಣದ ಸ್ಟುಡಿಯೋಗಳನ್ನು ಕುರಿತು ಕ್ರಿಸ್ಟೊಫರ್ ಪಿನ್ನೆ 1997ರಲ್ಲಿ ಪ್ರಕಟಿಸಿದ ಅಧ್ಯಯನದಂತಹ ಕೆಲಸ ಕೊಳ್ಳೇಗಾಲದಂತಹ ರೇಷ್ಮೆ ನೇಯ್ಗೆಯ ಪಟ್ಟಣದಲ್ಲಿ ನಡೆದರೆ ಉಡುಗೆ, ಸ್ಥಾನಮಾನ ಮತ್ತು ಚಿತ್ರಗಳ ಸಂಬಂಧ ಬೆಳಕಿಗೆ ಬರಬಹುದು.

7

ಮೆಟ್ಟಿಲಿನ ಮೇಲೆ ಯಾರಿದ್ದಾರೆ ಎಂಬ ಪ್ರಶ್ನೆ ಯಾರಿಲ್ಲ ಎಂಬ ಪ್ರಶ್ನೆಯೂ ಹೌದು. ಈ ಮೂರು ತಾಲ್ಲೂಕುಗಳ ಪ್ರದೇಶ ಇಂದು ಚಾಮರಾಜನಗರ ಜಿಲ್ಲೆಯಲ್ಲಿ ಒಂದಾಗಿದ್ದರೂ ಅದರ ಆಡಳಿತ ಚರಿತ್ರೆ ಒಂದೇ ಅಲ್ಲ. ಹನೂರನ್ನು ಒಳಗೊಂಡಿದ್ದ ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಯಳಂದೂರು ಮೈಸೂರು ಸಂಸ್ಥಾನದಲ್ಲಿತ್ತು. ದೇವಾಲಯ ಪ್ರವೇಶದ ಶಾಸನ ಮದ್ರಾಸ್ ಪ್ರಾಂತ್ಯದಲ್ಲಿ 1947ರಲ್ಲಿ, ಮೈಸೂರಿನಲ್ಲಿ 1948ರಲ್ಲಿ ಬಂದಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿತು. ನೆರೆಹೊರೆಯ ಊರುಗಳು ಬೇರೆ ಬೇರೆ ಕಾನೂನುಗಳ ಮೂಲಕ ಒಂದೇ ಹೊಸ್ತಿಲಿಗೆ ಬಂದವು. ಕಾನೂನು ಬಾಗಿಲನ್ನು ತೆರೆದ ಮೇಲೆಯೂ ಮೆಟ್ಟಿಲಿನ ಮೇಲಿನ ರೂಢಿ ಒಡನೆಯೇ ಬದಲಾಗಲಿಲ್ಲ ಎಂಬುದು ಕರ್ನಾಟಕದ ಗ್ರಾಮಗಳನ್ನು ಬಲ್ಲ ಎಲ್ಲರಿಗೂ ತಿಳಿದಿದೆ. ಆದ್ದರಿಂದ ಹಳೆಯ ಜಾತ್ರೆಯ ಚಿತ್ರ ದೊರೆತಾಗ ಅದರಲ್ಲಿ ಯಾವ ಸಮುದಾಯ ಯಾವ ಮೆಟ್ಟಿಲಿನವರೆಗೆ ಇದೆ ಎಂಬುದನ್ನು ಊರಿನ ಹಿರಿಯರಿಂದ ಕೇಳಿ ತಿಳಿಯುವುದು ಸಂಶೋಧನೆಯ ಕರ್ತವ್ಯ. ಚಿತ್ರದ ಅಂಚಿನಲ್ಲಿ, ಕೆಳಗಿನ ಕಲ್ಲಿನಾಚೆ, ಅಸ್ಪಷ್ಟವಾಗಿ ನಿಂತವರೇ ಅನೇಕ ವೇಳೆ ಅದರ ಮುಖ್ಯ ಸಾಕ್ಷಿಗಳಾಗಿರುತ್ತಾರೆ.

ಇದಕ್ಕೆ ಎದುರಾಗಿ ಚಿಕ್ಕಲ್ಲೂರನ್ನು ಇಟ್ಟು ನೋಡಬೇಕು. ಮಂಟೇಸ್ವಾಮಿ ಪರಂಪರೆಯ ಸಿದ್ದಪ್ಪಾಜಿಯ ಗದ್ದುಗೆ ಅಲ್ಲಿದೆ. ಚಂದ್ರಮಂಡಲದಿಂದ ಆರಂಭವಾಗುವ 5 ದಿನಗಳ ಜಾತ್ರೆಯಲ್ಲಿ ಪಂಕ್ತಿಸೇವೆ ಮುಖ್ಯವಾದುದು. ಜನ ಬಯಲಿನಲ್ಲಿ ಬಿಡಾರ ಹೂಡಿ, ಅಡಿಗೆ ಮಾಡಿ, ಸಾಲಾಗಿ ನೆಲದ ಮೇಲೆ ಕುಳಿತು ಉಣ್ಣುತ್ತಾರೆ. ಬೆಟ್ಟದ ಯಾತ್ರೆಯಲ್ಲಿ ಪಾವಿತ್ರ್ಯ ಎತ್ತರದಲ್ಲಿದ್ದರೆ ಪಂಕ್ತಿಯಲ್ಲಿ ಅದು ನೆಲದ ಮಟ್ಟದಲ್ಲಿದೆ. ಮೆಟ್ಟಿಲುಗಳ ಮೇಲ್ಮುಖ ಗೆರೆಗೆ ಒಗ್ಗಿಹೋದ ಛಾಯಾಚಿತ್ರಕಾರನ ಕಣ್ಣಿಗೆ ಈ ಸಮತಲ ಸಾಲಿನಲ್ಲಿ ಚಿತ್ರಯೋಗ್ಯವಾದುದು ಸುಲಭವಾಗಿ ಕಾಣುವುದಿಲ್ಲ. ಸಂಜೆಯ ಬೆಂಕಿ, ಹೊಗೆ, ಜನಜಂಗುಳಿಗಳೇ ಅವನ ವಸ್ತುವಾಗುತ್ತವೆ. ಒಂದೇ ಮಟ್ಟದಲ್ಲಿ ಕುಳಿತವರನ್ನು ಚಿತ್ರಿಸಬೇಕಾದರೆ ಕ್ಯಾಮೆರಾವೂ ನೆಲಕ್ಕೆ ಇಳಿಯಬೇಕು. ಬೆಟ್ಟದ ಮೆಟ್ಟಿಲಿನ ಅರ್ಥ ಪೂರ್ಣವಾಗುವುದು ಮೆಟ್ಟಿಲಿಲ್ಲದ ಈ ಬಯಲಿನ ಜೊತೆ ಅದನ್ನು ಹೋಲಿಸಿದಾಗ.

8

ಮೇಲಿನ ಚರ್ಚೆಯ ಉದ್ದೇಶ ಸುಂದರ ಚಿತ್ರಗಳನ್ನು ನಿರಾಕರಿಸುವುದಲ್ಲ. ಗೆರೆ, ನೆರಳು, ಲಯಗಳ ಸೊಬಗು ಛಾಯಾಚಿತ್ರದ ಸಹಜ ಸಂಪತ್ತು. ಅದೊಂದೇ ಮಾನದಂಡವಾದಾಗ ಮೆಟ್ಟಿಲಿನಿಂದ ಮನುಷ್ಯರನ್ನು ಬದಿಗೆ ಸರಿಸಿ, ಅವರು ದಾಟಿಹೋಗುವವರೆಗೆ ಕಾದು ಚಿತ್ರ ತೆಗೆಯುವ ಅಭ್ಯಾಸ ಬೆಳೆಯುತ್ತದೆ. ಜಾನಪದ ವಿದ್ವಾಂಸ ಕಾಯಬೇಕಾದುದು ಅವರು ಬರುವವರೆಗೆ.

ಇದು ತುರ್ತಿನ ಕೆಲಸವೂ ಹೌದು. ಬಿಳಿಗಿರಿರಂಗನಾಥನ ದೇವಾಲಯ ಜೀರ್ಣೋದ್ಧಾರಗೊಂಡು 2021ರಲ್ಲಿ ಮತ್ತೆ ತೆರೆಯಿತು. ಮಹದೇಶ್ವರ ಬೆಟ್ಟದಲ್ಲಿ 108 ಅಡಿ ಎತ್ತರದ ಪ್ರತಿಮೆ 2023ರಲ್ಲಿ ಅನಾವರಣಗೊಂಡಿತು. ಯಾತ್ರಿಕರ ಅನುಕೂಲಕ್ಕಾಗಿ ರಸ್ತೆ, ಮೆಟ್ಟಿಲು, ಕಟಕಟೆಗಳು ಹೊಸದಾಗುವುದು ಸಹಜ. ಅದನ್ನು ಬೇಡವೆನ್ನುವ ಹಕ್ಕು ಮೊಣಕಾಲು ನೋವಿಲ್ಲದ ಅಧ್ಯಯನಕಾರನಿಗಿಲ್ಲ. ಆದರೆ ಸವೆದ ಕಲ್ಲನ್ನು ಕಿತ್ತು ಹೊಸ ಕಲ್ಲನ್ನು ಹಾಸಿದ ದಿನ ತಲೆಮಾರುಗಳ ತುಳಿತದ ಲಿಪಿ ಅಳಿದುಹೋಗುತ್ತದೆ. ಅದಕ್ಕೆ ಮೊದಲು ಅಡ್ಡಬೆಳಕಿನಲ್ಲಿ ತೆಗೆದ ಚಿತ್ರವೇ ಮುಂದೆ ಉಳಿಯಬಹುದಾದ ಏಕೈಕ ಪ್ರತಿ.

ಗ್ರಂಥಾಲಯಗಳು ಮತ್ತು ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳು ಇಂತಹ ಚಿತ್ರಗಳನ್ನು ಸಂಗ್ರಹಿಸುವಾಗ ಸ್ಥಳ, ದಿನ, ವೇಳೆಗಳ ಜೊತೆಗೆ ಕ್ಯಾಮೆರಾ ಮೇಲಿತ್ತೋ ಕೆಳಗಿತ್ತೋ ಎಂಬುದನ್ನು, ಏರುತ್ತಿರುವವರು ಯಾವ ಊರಿನವರು, ಯಾವ ಹರಕೆಯವರು ಎಂಬುದನ್ನು, ಮೆಟ್ಟಿಲಿಗೆ ಸ್ಥಳೀಯರಲ್ಲಿ ಹೆಸರಿದ್ದರೆ ಅದನ್ನು ಬರೆದಿಡಬೇಕು. ಡಿಜಿಟಲ್ ಕಡತ ದಿನಾಂಕ ವೇಳೆಗಳನ್ನು ತಾನೇ ಉಳಿಸಿಕೊಳ್ಳುತ್ತದೆ. ಉಳಿದುದನ್ನು ಕೇಳಿಯೇ ತಿಳಿಯಬೇಕು. ಚಿತ್ರಕ್ಕೆ ಒಪ್ಪಿಗೆ ಪಡೆಯುವುದೂ ಈ ಕೇಳುವಿಕೆಯ ಭಾಗ. ಬಾಗಿ ಮೆಟ್ಟಿಲಿಗೆ ಕುಂಕುಮ ಹಚ್ಚುತ್ತಿರುವ ಹೆಂಗಸನ್ನು ಕೆಳಗಿನಿಂದ, ಹಿಂದಿನಿಂದ, ಅವಳಿಗೆ ತಿಳಿಯದಂತೆ ಚಿತ್ರಿಸುವುದು ದಾಖಲೆಯ ಹೆಸರಿನಲ್ಲಿ ನಡೆಯುವ ಅಗೌರವ. ಅವಳ ಪಕ್ಕದ ಮೆಟ್ಟಿಲಿನಲ್ಲಿ ನಿಂತು, ಅವಳ ವೇಗದಲ್ಲಿ ಏರುತ್ತ, ಅವಳ ಮಾತು ಕೇಳಿ ತೆಗೆದ ಚಿತ್ರದಲ್ಲಿ ಮೆಟ್ಟಿಲು ಮತ್ತೆ ತನ್ನ ಕನ್ನಡದ ಅರ್ಥಕ್ಕೆ, ಮೆಟ್ಟುವ ಕ್ರಿಯೆಗೆ, ಮರಳುತ್ತದೆ. ಹಾಡಿನ ಪಠ್ಯಕ್ಕೆ ಹಾಡುಗಾರನ ಹೆಸರನ್ನು ಸೇರಿಸಲು ಜಾನಪದ ಅಧ್ಯಯನ ಕಲಿತಿದೆ. ಮೆಟ್ಟಿಲಿನ ಚಿತ್ರಕ್ಕೆ ಏರಿದವರ ಹೆಜ್ಜೆಯನ್ನು ಸೇರಿಸುವುದು ಇನ್ನು ಉಳಿದಿರುವ ಕೆಲಸ.